ಚಿಕಾನೊ ಕಲೆಯಲ್ಲಿ ಹೆಂಗಸರ ಹೆಸರು ಯಾಕೆ ಅಷ್ಟು ಕೇಳಿಬರುವುದಿಲ್ಲ?

ಹೆಂಗಸರು ಕೆಲಸ ಮಾಡಲಿಲ್ಲ ಅಂತಲ್ಲ, ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1960ರ ದಶಕದಲ್ಲಿ ಚಿಕಾನೊಗಳು, ಅಂದರೆ ಅಮೆರಿಕದ ಮೆಕ್ಸಿಕನ್ ಮೂಲದವರು, ಹಕ್ಕುಗಳಿಗಾಗಿ ಬೀದಿಗಿಳಿದರು. ಆ ಚಳವಳಿಯ ಜೊತೆಗೇ ಈ ಕಲೆ ಬೆಳೆಯಿತು. ಮುಂದಾಳುಗಳು ಹೆಚ್ಚಾಗಿ ಗಂಡಸರು. ಹೆಂಗಸರ ಸಮಸ್ಯೆ ಎತ್ತಿದರೆ ಒಗ್ಗಟ್ಟು ಒಡೆಯುತ್ತೀರಿ ಅನ್ನುವ ಮಾತು ಬರುತ್ತಿತ್ತು. ಇತ್ತ ದೊಡ್ಡ ಮ್ಯೂಸಿಯಂಗಳು ಚಿಕಾನೊ ಕಲಾವಿದರನ್ನೇ ಹತ್ತಿರ ಸೇರಿಸುತ್ತಿರಲಿಲ್ಲ. ಚಿಕಾನಾ (ಚಿಕಾನೊ ಹೆಂಗಸು) ಕಲಾವಿದೆಯರಿಗೆ ಎರಡೂ ಕಡೆ ಅಡ್ಡಿ.

ಒಂದು ಫೋಟೊ ನೋಡಿ, ಅರ್ಥವಾಗುತ್ತದೆ. 1972ರಲ್ಲಿ ಆಸ್ಕೊ ಅನ್ನುವ ಚಿಕಾನೊ ಕಲಾವಿದರ ಗುಂಪಿನ ಮೂವರು ಗಂಡಸರು ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಂ ಮೇಲೆ ಸ್ಪ್ರೇ ಪೇಂಟ್‌ನಿಂದ ತಮ್ಮ ಹೆಸರು ಬರೆದರು. ನಮ್ಮನ್ನು ಒಳಗೆ ಬಿಡದಿದ್ದರೆ ಮ್ಯೂಸಿಯಮ್ಮೇ ನಮ್ಮ ಕೃತಿ ಅನ್ನುವ ಪ್ರತಿಭಟನೆ ಅದು. ಮರುದಿನ ಬೆಳಗ್ಗೆ ತೆಗೆದ ಫೋಟೊದಲ್ಲಿ ಆ ಬರಹಕ್ಕಿಂತ ಮೇಲ್ಗಡೆ ನಿಂತಿರುವವರು ಪ್ಯಾಟ್ಸಿ ವಾಲ್ಡೆಜ್. ಅವರೂ ಅದೇ ಗುಂಪಿನ ಕಲಾವಿದೆ. ಆದರೆ ಬರೆದ ಹೆಸರುಗಳಲ್ಲಿ ಅವರದ್ದಿಲ್ಲ!

ಇನ್ನೊಬ್ಬ ಚಿಕಾನಾ ಕಲಾವಿದೆ ಯೊಲಾಂಡಾ ಲೋಪೆಜ್ ವಿಷಯ ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. 1978ರಲ್ಲೇ ಅವರು ತಮ್ಮನ್ನು ಗ್ವಾಡಲೂಪೆ ಮಾತೆಯಾಗಿ (ಮೆಕ್ಸಿಕನ್ನರು ಪೂಜಿಸುವ ಮೇರಿ ಮಾತೆಯ ರೂಪ) ಚಿತ್ರಿಸಿಕೊಂಡರು: ಕಾಲಿಗೆ ಓಟದ ಶೂ, ಕೈಯಲ್ಲಿ ಹಾವು, ಮುಖದ ತುಂಬಾ ನಗು. ಚಿತ್ರ ಪ್ರಸಿದ್ಧವಾಯಿತು. ಆದರೆ ಮ್ಯೂಸಿಯಮ್ಮಿನಲ್ಲಿ ಅವರೊಬ್ಬರದ್ದೇ ಮೊದಲ ಪ್ರದರ್ಶನ ಶುರುವಾಗಿದ್ದು 2021ರ ಅಕ್ಟೋಬರ್‌ನಲ್ಲಿ, ಸ್ಯಾನ್ ಡಿಯಾಗೊದಲ್ಲಿ. ಹಿಂದಿನ ತಿಂಗಳಷ್ಟೇ ಅವರು ತೀರಿಕೊಂಡಿದ್ದರು.

ಹಾಗಂತ ಇವರು ಸುಮ್ನೆ ಕಾಯುತ್ತಾ ಕೂರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಮುಹೆರೆಸ್ ಮುರಾಲಿಸ್ತಾಸ್’ ಅನ್ನುವ ಹೆಂಗಸರದ್ದೇ ಗುಂಪು ಗೋಡೆಚಿತ್ರ ಬರೆಯಿತು. ಲಾಸ್ ಏಂಜಲೀಸ್‌ನಲ್ಲಿ ಚಿಕಾನಾ ಕಲಾವಿದೆ ಜೂಡಿ ಬಾಕಾ 1976ರಲ್ಲಿ ಶುರು ಮಾಡಿದ ಗೋಡೆಚಿತ್ರ ಅರ್ಧ ಮೈಲಿಗೂ ಉದ್ದ ಇದೆ.