ಟಾರ್ಪಾಲು ಕಟ್ಟಿದ ಸೈಟಿನೊಳಗೆ ಪ್ರೊಪೇನ್ ಹೀಟರ್ ಉರಿಸಬಹುದಾ? ಮಧ್ಯಾಹ್ನವಾದರೆ ತಲೆ ನೋಯುತ್ತದೆ

ಕೆನಡಾದ ಕ್ಯಾಲ್ಗರಿಯಲ್ಲಿ ಕಾಂಕ್ರೀಟ್ ಕೆಲಸ, ಸುತ್ತ ಟಾರ್ಪಾಲು, ಒಳಗೆ ಎರಡು ಹೀಟರ್, ವಾಸನೆ ಏನೂ ಇಲ್ಲ ಅಂತ ಬರೆದಿದ್ದೀರಿ. ಒಂದು ಹೇಳಿ, ಊಟಕ್ಕೆ ಹೊರಗೆ ಬಂದು ಕೂತರೆ ತಲೆನೋವು ಇಳಿಯುತ್ತದಾ? ಇಳಿಯುತ್ತದೆ ಅಂದರೆ ಅದು ಚಳಿಯಿಂದ ಬಂದದ್ದಲ್ಲ, ಹೀಟರ್ ಸರಿಯಾಗಿ ಉರಿಯದಾಗ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ನಿಂದ ಅಂತಲೇ ಅಂದುಕೊಳ್ಳಿ. ಗಾಳಿ ಅಳೆಯುವ ತನಕ ಒಳಗೆ ಹೋಗಬೇಡಿ.

ನಾನು ಎಡ್ಮಂಟನ್ ಸೈಟುಗಳಲ್ಲಿ ಒಂಬತ್ತು ಚಳಿಗಾಲ ಕಳೆದಿದ್ದೇನೆ. ಎರಡನೇ ವರ್ಷ ನೆಲಮಾಳಿಗೆಯಲ್ಲಿ ಸ್ಲ್ಯಾಬ್ ಹಾಕುತ್ತಿದ್ದಾಗ, ಜೊತೆಗಿದ್ದ ಹುಡುಗ ಕೈಯಲ್ಲಿ ಕರಣೆ ಹಿಡಿದವನು ಹಾಗೇ ಕುಸಿದು ಕೂತ. ಮಾತು ತೊದಲುತ್ತಿತ್ತು. ಯಾರೋ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದರು. ಶೇಕಡಾ 98 ತೋರಿಸಿತು, ಅಂದರೆ ಎಲ್ಲ ಸರಿಯಿದೆ ಅಂತ. ಅದನ್ನು ನಂಬಿ ಹತ್ತು ನಿಮಿಷ ಸುಮ್ನೆ ಕಳೆದುಬಿಟ್ಟೆವು. ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗಿಂತಲೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾಮೂಲಿ ಆಕ್ಸಿಮೀಟರ್‌ಗೆ ಆ ವ್ಯತ್ಯಾಸ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಮೇಲೇ ಗೊತ್ತಾಗಿದ್ದು. ಹುಡುಗ ಉಳಿದುಕೊಂಡ.

ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟರೆ ನಮ್ಮಜ್ಜಿ ಕಿಟಕಿ ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ಇಲ್ಲೂ ಅದೇ ವಿಷಯ. ಆದರೆ ಟಾರ್ಪಾಲಿನ ಮೂಲೆ ಎತ್ತಿಟ್ಟರೆ ಸಾಕು ಅನ್ನಬೇಡಿ. ಮೈನಸ್ 20 ಡಿಗ್ರಿ ಗಾಳಿ ನುಗ್ಗಿದರೆ ಯಾರಾದರೂ ಅದನ್ನು ಮತ್ತೆ ಕಟ್ಟಿಯೇ ಕಟ್ಟುತ್ತಾರೆ. ಮೂಗಿಗೂ ಈ ಅನಿಲ ಸಿಗುವುದಿಲ್ಲ. ಅದಕ್ಕೆ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಮೀಟರ್ ಬೇಕೇ ಬೇಕು. ಅಂಗಿಯ ಕಾಲರ್ ಹತ್ತಿರ ಸಿಕ್ಕಿಸಿಕೊಳ್ಳಿ. ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ 8 ಗಂಟೆ ಕೆಲಸಕ್ಕೆ ಸರಾಸರಿ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ. 1200 ಪಿಪಿಎಂ ಅಂದರೆ ನೇರವಾಗಿ ಜೀವಕ್ಕೇ ಅಪಾಯ. ಇನ್ನೊಂದು, ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ನೆಲಮಾಳಿಗೆಗೆ ಇಳಿಸಲೇಬೇಡಿ.

ನಿಜವಾದ ಪರಿಹಾರ ಅಂದರೆ ಇನ್‌ಡೈರೆಕ್ಟ್ ಹೀಟರ್. ಬೆಂಕಿ, ಹೊಗೆ ಎರಡೂ ಹೊರಗೇ ಇರುತ್ತವೆ, ಬಿಸಿ ಗಾಳಿ ಮಾತ್ರ ಡಕ್ಟ್‌ನಲ್ಲಿ ಒಳಗೆ ಬರುತ್ತದೆ. ಗಾಳಿ ಎಳೆಯುವ ಬಾಯಿಯ ಪಕ್ಕ ಲಾರಿ ಚಾಲೂ ಇಟ್ಟು ನಿಲ್ಲಿಸಬಾರದು, ಅಷ್ಟೇ. ಬಾಡಿಗೆ ಜಾಸ್ತಿ ಅಂತ ಸೂಪರ್‌ವೈಸರ್ ಗೊಣಗಿದರೆ ಸ್ಲ್ಯಾಬಿನ ಮಾತು ಎತ್ತಿ. ಒಳಗೆ ಉರಿಯುವ ಹೀಟರ್‌ನ ಕಾರ್ಬನ್ ಡೈಆಕ್ಸೈಡ್ ಹಸಿ ಕಾಂಕ್ರೀಟಿನ ಮೇಲ್ಪದರವನ್ನೂ ಕೆಡಿಸುತ್ತದೆ. ಆಮೇಲೆ ಕೈಯಾಡಿಸಿದರೆ ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಬರುತ್ತದೆ, ಎಷ್ಟು ಗುಡಿಸಿದರೂ ನಿಲ್ಲುವುದಿಲ್ಲ. ನಮ್ಮ ಸೈಟಿನಲ್ಲಿ ಹೀಟರ್ ಬದಲಾಗಿದ್ದು ಈ ಮಾತಿನಿಂದಲೇ, ಹುಡುಗ ಬಿದ್ದಿದ್ದರಿಂದಲ್ಲ. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಒಪ್ಪದಿದ್ದರೆ, ಅಪಾಯದ ಕೆಲಸ ಮಾಡುವುದಿಲ್ಲ ಅನ್ನುವ ಹಕ್ಕು ಕಾನೂನಿನಲ್ಲೇ ನಿಮಗಿದೆ. ಹೊಸದಾಗಿ ಬಂದವರು ಕೆಲಸ ಹೋದೀತು ಅಂತ ಹೆದರುತ್ತಾರೆ, ನಾನೂ ಹೆದರಿದ್ದೆ. ಹೆದರಬೇಡಿ. ಯಾರಿಗಾದರೂ ತಲೆ ತಿರುಗಿದರೆ ಎಲ್ಲರೂ ಹೊರಗೆ ಬಂದು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ನಾಳೆ ಮೀಟರ್ ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.