ಆಸಿಡ್, ಬ್ಲೀಚಿಂಗ್ ಪೌಡರ್ ಒಂದೇ ಚೀಲಕ್ಕೆ ತುಂಬಬೇಡಿ

ಮನೆ ಖಾಲಿ ಮಾಡುವಾಗ ಸಿಕ್ಕ ಟಾಯ್ಲೆಟ್ ಆಸಿಡ್, ಬ್ಲೀಚಿಂಗ್ ಪೌಡರ್, ಅರ್ಧ ಡಬ್ಬ ಪೇಂಟ್, ಜಿರಳೆ ಔಷಧಿ, ಒಡೆದ ಥರ್ಮಾಮೀಟರ್ ಎಲ್ಲಾ ಒಂದೇ ಗೋಣಿಚೀಲಕ್ಕೆ ತುಂಬಿ ಕಸದ ಆಟೋಗೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ತಪ್ಪು ಮಾಡಿದವನೇ ಹೇಳುತ್ತಿದ್ದೇನೆ.

ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಆಸಿಡ್ ಬಾಟಲಿ ಮತ್ತು ಹರಿದ ಬ್ಲೀಚಿಂಗ್ ಪೌಡರ್ ಪ್ಯಾಕೆಟ್ ಎರಡನ್ನೂ ಒಂದೇ ಬಕೆಟ್ಟಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಬಕೆಟ್ ವಾಲಿತು, ಬಾಟಲಿ ಮುಚ್ಚಳ ಸಡಿಲವಿತ್ತು. ಬುಸ್ ಅಂತ ನೊರೆ ಎದ್ದು, ಮೂಗು ಸುಡುವ ಘಾಟು, ಕಣ್ಣು ತುಂಬ ನೀರು. ಬಕೆಟ್ ಅಲ್ಲೇ ಬಿಟ್ಟು ಬೀದಿಗೆ ಓಡಿದೆ. ಅದು ಕ್ಲೋರಿನ್ ಅನಿಲ. ನನಗೆ ಓಡಲು ಜಾಗವಿತ್ತು. ಬರಿಗೈಯಲ್ಲಿ ಚೀಲ ಬಿಚ್ಚಿ ಕಸ ಬೇರೆ ಮಾಡುವ ಪೌರಕಾರ್ಮಿಕರ ಮುಖಕ್ಕೇ ಅದು ಹೊಡೆದಿದ್ದರೆ?

ಹಾಗಾಗಿ ಆಸಿಡ್ಡಿಗೊಂದು ಬಕೆಟ್, ಬ್ಲೀಚಿಗೆ ಇನ್ನೊಂದು, ಎರಡೂ ದೂರ ದೂರ. ಎಲ್ಲವೂ ಅದರದರ ಮೂಲ ಬಾಟಲಿಯಲ್ಲೇ, ಲೇಬಲ್ ಸಮೇತ ಇರಲಿ. ಖಾಲಿ ಜ್ಯೂಸ್ ಬಾಟಲಿಗೆ ಸುರಿಯಲೇಬೇಡಿ, ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಾರೆ. ಆಸಿಡ್ ಬಾಟಲಿಯನ್ನು ಪ್ಲಾಸ್ಟಿಕ್ ಬಕೆಟ್ಟಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಒಣ ಮರಳು ತುಂಬಿ. ಕಬ್ಬಿಣದ ಡಬ್ಬ ಬೇಡ, ಆಸಿಡ್ ಅದನ್ನು ತಿಂದುಬಿಡುತ್ತದೆ. ಬ್ಲೀಚಿಂಗ್ ಪೌಡರ್ ಸುತ್ತ ರದ್ದಿ ಪೇಪರ್, ಮರದ ಹೊಟ್ಟು ತುಂಬಬೇಡಿ, ಬೆಂಕಿಗೆ ದಾರಿ. ಸೀಲ್ ಒಡೆಯದ ಆಸಿಡ್ ಇದ್ದರೆ ಪಕ್ಕದ ಮನೆಯವರಿಗೆ ಕೊಡಿ, ಅದಕ್ಕಿಂತ ಸುಲಭದ ವಿಲೇವಾರಿ ಇಲ್ಲ.

ನೀರಿನ ಪೇಂಟಾದರೆ ಮರಳು ಬೆರೆಸಿ ಮುಚ್ಚಳ ತೆಗೆದಿಟ್ಟು ಗಟ್ಟಿಯಾಗಲು ಬಿಡಿ. ಥಿನ್ನರ್ ಮಾತ್ರ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ. ಜಿರಳೆ ಔಷಧಿಯನ್ನು ಪ್ಯಾಕೆಟ್ ಸಮೇತ ಇನ್ನೊಂದು ಕವರಿಗೆ ಹಾಕಿ ಗಂಟು ಕಟ್ಟಿ.

ಥರ್ಮಾಮೀಟರಿನ ಪಾದರಸ ಉರುಳಿದ್ದರೆ ಪೊರಕೆ ಹಿಡಿಯಬೇಡಿ, ಮಣಿ ಮಣಿಯಾಗಿ ಚೆದುರುತ್ತದೆ. ಕಿಟಕಿ ತೆರೆದು, ಫ್ಯಾನ್ ಆರಿಸಿ, ಗಟ್ಟಿ ಕಾಗದದ ಅಂಚಿನಿಂದ ಒಟ್ಟುಗೂಡಿಸಿ, ಸ್ವಲ್ಪ ನೀರಿರುವ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ. ಬಂಗಾರದ ಉಂಗುರ ಮೊದಲೇ ಕಳಚಿಡಿ, ಪಾದರಸ ಅದಕ್ಕೆ ಅಂಟಿಕೊಳ್ಳುತ್ತದೆ.

2016ರ ಘನತ್ಯಾಜ್ಯ ನಿಯಮಗಳಲ್ಲಿ ಪೇಂಟ್ ಡಬ್ಬ, ಕೀಟನಾಶಕದ ಡಬ್ಬ, ಒಡೆದ ಥರ್ಮಾಮೀಟರ್‌ಗಳಿಗೆ ಮನೆಯ ಅಪಾಯಕಾರಿ ತ್ಯಾಜ್ಯ ಅಂತಲೇ ಹೆಸರಿತ್ತು. ಹಸಿ ಕಸ, ಒಣ ಕಸಕ್ಕೆ ಸೇರಿಸುವಂತಿಲ್ಲ. ನಾನು ಈಗ ಹಿಂದಿನ ದಿನವೇ ಪೌರಕಾರ್ಮಿಕರ ಮೇಸ್ತ್ರಿಗೆ ಹೇಳಿ, ಬಕೆಟ್ ಮೇಲೆ ಮಾರ್ಕರಿನಲ್ಲಿ ‘ಆಸಿಡ್’ ಅಂತ ದಪ್ಪಕ್ಷರದಲ್ಲಿ ಬರೆದು, ಕೈಯಾರೆ ಕೊಡುತ್ತೇನೆ.