85 ಗಂಟೆಗೇ ಸೂಪರ್‌ಚಾರ್ಜರ್ ಬಿಚ್ಚಬೇಕಾ?

ಸರ್, ನಿಮ್ಮದು 2006ರ ಸೀ-ಡೂ ಆರ್‌ಎಕ್ಸ್‌ಟಿ ಜೆಟ್ ಸ್ಕೀ (ನೀರಿನ ಮೇಲೆ ಓಡೋ ಸ್ಕೂಟರ್), 215 ಎಚ್‌ಪಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ಮೀಟರ್ 85 ಗಂಟೆ ತೋರಿಸ್ತಿದೆ, ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬೋ ಭಾಗ) ಬಿಚ್ಚಿಸದೆ 100 ಆಗೋವರೆಗೂ ಓಡಿಸಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದ್ರೆ ಬೇಡ. ಹಳೇ ಮಾಲೀಕರು ಸೂಪರ್‌ಚಾರ್ಜರ್ ರೀಬಿಲ್ಡ್ ಮಾಡಿಸಿದ ಬಿಲ್ ಕೊಟ್ಟಿಲ್ಲ ಅಂದ್ರೆ, ನೀರಿಗಿಳಿಸೋ ಮೊದಲೇ ಬಿಚ್ಚಿಸಿ. "ಮಾಡ್ಸಿದೀನಿ" ಅನ್ನೋ ಬಾಯಿಮಾತು ಲೆಕ್ಕಕ್ಕಿಲ್ಲ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಆ ಕಾಲದ ಸೂಪರ್‌ಚಾರ್ಜರ್‌ನ ಸ್ಲಿಪ್ ಕ್ಲಚ್‌ನಲ್ಲಿ ಗೇರಿನ ಎರಡೂ ಪಕ್ಕ ಸೆರಾಮಿಕ್ ವಾಷರ್ ಇರುತ್ತೆ. ಅಲೆ ಮೇಲೆ ಹಾರಿ ಬಿದ್ದಾಗ ಆರ್‌ಪಿಎಂ ಗಕ್ಕನೆ ಏರಿಳಿಯುತ್ತಲ್ಲ, ಆಗ ಗೇರ್ ಮುರಿಯದ ಹಾಗೆ ಕ್ಲಚ್ ಜಾರಿಕೊಡುತ್ತೆ. ಆ ವಾಷರ್ ಒಡೆದರೆ ಚೂರುಗಳು ನೇರ ಎಂಜಿನ್ ಆಯಿಲ್‌ಗೇ ಬೀಳುತ್ತವೆ, ಯಾಕಂದ್ರೆ ಎರಡಕ್ಕೂ ಒಂದೇ ಆಯಿಲ್. ಆಮೇಲೆ ಬೇರಿಂಗ್, ಆಯಿಲ್ ಪಂಪ್, ಕೊನೆಗೆ ಎಂಜಿನ್ನೇ ಹೋಗಬಹುದು. ಮೊದಲೇ ಸದ್ದು ಮಾಡಿ ಎಚ್ಚರಿಸುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಬಿಚ್ಚಿದಾಗ ಲೋಹದ ವಾಷರ್ ಇರೋ ಕಿಟ್ ಹಾಕಿಸಿ, ಜೊತೆಗೆ ಬೇರಿಂಗ್‌ಗಳನ್ನೂ ಬದಲಿಸಿ. ಒಂದು ವಾಷರ್ ಆಗಲೇ ಒಡೆದಿದ್ರೆ ಚೂರನ್ನೆಲ್ಲ ಹುಡುಕಿ ತೆಗೆಯದೆ ಸ್ಟಾರ್ಟ್ ಮಾಡಲೇಬೇಡಿ.

ಆಮೇಲೆ ಪ್ರತಿ 100 ಗಂಟೆಗೊಮ್ಮೆ ತೆಗೆದು ಕ್ಲಚ್ ಎಷ್ಟು ಟಾರ್ಕ್‌ಗೆ (ತಿರುಗಿಸೋ ಬಲಕ್ಕೆ) ಜಾರುತ್ತೆ ಅಂತ ಟಾರ್ಕ್ ರೆಂಚ್ ಹಾಕಿ ನೋಡಿಸಿ. ಫುಲ್ ಥ್ರಾಟಲ್‌ನಲ್ಲಿ 8000 ಆರ್‌ಪಿಎಂ ಹತ್ತಿರ ಹೋಗ್ತಿದ್ದ ಗಾಡಿ 7200ಕ್ಕೇ ನಿಂತರೆ ಗಂಟೆ ಲೆಕ್ಕ ಹಾಕ್ತಾ ಕೂರಬೇಡಿ. ಮೊದಲು ಸ್ಪಾರ್ಕ್ ಪ್ಲಗ್, ಗಾಳಿ ಪೈಪಿನ ಕ್ಲಾಂಪ್ ನೋಡಿ. ಅವು ಸರಿ ಇದ್ರೆ ಕ್ಲಚ್ಚೇ ಜಾರ್ತಿರೋ ಸಾಧ್ಯತೆ ಜಾಸ್ತಿ.